ಮೇಲ್ಮನೆಯ ಟೊಮೆಟೊ, ಕೆಳಮನೆಯ ಚಳಿ

ಒಂದೇ ಬೀದಿ, ಒಂದೇ ಬೀಜ, ಒಂದೇ ಕೊಳಾಯಿಯ ನೀರು. ಆದರೂ ಅವರ ಹಿತ್ತಿಲಲ್ಲಿ ಟೊಮೆಟೊ ಗೊಂಚಲು ಗೊಂಚಲಾಗಿ ತೂಗುತ್ತದೆ, ನಮ್ಮ ಹಿತ್ತಿಲಲ್ಲಿ ಗಿಡ ಸುಟ್ಟ ಬತ್ತಿಯ ಹಾಗೆ ಕರ್ರಗಾಗಿ ನೆಲ ಹಿಡಿಯುತ್ತದೆ. ಇದು ಎಷ್ಟೋ ಮನೆಗಳ ಗೋಳು. ಹೀಗಾದಾಗ ನಾವು ಮಣ್ಣನ್ನು ನೋಡುವುದಿಲ್ಲ, ಆಕಾಶವನ್ನೂ ನೋಡುವುದಿಲ್ಲ. ನೇರವಾಗಿ ಪಕ್ಕದ ಮನೆಯವರ ಮುಖ ನೋಡುತ್ತೇವೆ. ದೊಡ್ಡ ಸೊಸೆ ಮಾಡಿದ್ದೂ ಅದನ್ನೇ.

ಇಳಿಜಾರಾದ ಬೀದಿ. ಮೇಲಿನ ತುದಿಯಲ್ಲಿ ಚಿಕ್ಕ ಸೊಸೆಯ ಮನೆ, ಕೆಳಗಿನ ತುದಿಯಲ್ಲಿ ದೊಡ್ಡ ಸೊಸೆಯ ಮನೆ. ಅಣ್ಣ ತಮ್ಮಂದಿರನ್ನು ಮದುವೆಯಾದವರು, ಅಂದರೆ ವಾರಗಿತ್ತಿಯರು. ಈ ಸಂಬಂಧದಲ್ಲಿ ಒಬ್ಬಳ ಸೀರೆಯ ಅಂಚನ್ನು ಇನ್ನೊಬ್ಬಳು ಅಳೆಯದೆ ಬಿಡುವುದು ಅಪರೂಪ. ದೊಡ್ಡವಳಿಗಂತೂ ಅಳೆಯುವುದೇ ಕಸುಬು. ಅವಳು ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರವನ್ನು ಬೆಳಕಿಗೆಂದು ಕಿಟಕಿಯ ಬಳಿ ಇಟ್ಟಿದ್ದಳು. ಆ ಕಿಟಕಿಯಿಂದ ಮೇಲ್ಮನೆಯ ಹಿತ್ತಿಲು ಪೂರಾ ಕಾಣುತ್ತಿತ್ತು. ಅದು ಬರೀ ಬೆಳಕಿಗೋಸ್ಕರ ಇಟ್ಟ ಯಂತ್ರವಲ್ಲ ಎಂದು ಅವಳ ಗಂಡನಿಗೆ ಗುಮಾನಿ. ಅವನು ಬಡಗಿ, ಹೆಚ್ಚು ಮಾತಿನವನಲ್ಲ.

ಇಬ್ಬರು ಮಕ್ಕಳ ಮನೆಗಳ ನಡುವೆ ಇದ್ದವರು ಮಾವ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಅವರ ಊಟ ದೊಡ್ಡ ಸೊಸೆಯ ಮನೆಯಲ್ಲೇ. ಅಡುಗೆಮನೆಯ ಮೇಜಿನ ಗೋಡೆಯ ಕಡೆ ಅವರ ಜಾಗ. ಉಂಡು ಎದ್ದಾಗ "ಕೈ ಚೆನ್ನಾಗಿದೆ ಕಣಮ್ಮ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ದೊಡ್ಡವಳು ಎಷ್ಟು ಬೇಕಾದರೂ ಬಟ್ಟೆ ಬದಿಗಿಟ್ಟು ಒಲೆಯ ಮುಂದೆ ನಿಲ್ಲುತ್ತಿದ್ದಳು.

ಆ ವರ್ಷ ಚಳಿ ಹಿಂದೆ ಸರಿಯುತ್ತಿದ್ದ ಹೊತ್ತಿಗೆ ಚಿಕ್ಕ ಸೊಸೆ ಕಿಟಕಿಯ ಬದಿಯಲ್ಲಿ ಟೊಮೆಟೊ ಸಸಿ ಎಬ್ಬಿಸಿದಳು. ಅವಳು ಬೇಕರಿಯಲ್ಲಿ ಕೆಲಸಕ್ಕಿದ್ದಳು. ಬ್ರೆಡ್ಡು ಬರುತ್ತಿದ್ದ ಖಾಲಿ ಟ್ರೇಗಳಲ್ಲಿ ಮಣ್ಣು ತುಂಬಿ ಬೀಜ ಹಾಕಿದ್ದಳು. ಸಸಿ ಹೆಚ್ಚಾದವು. ಒಂದು ಟ್ರೇ ಎತ್ತಿಕೊಂಡು ಕೆಳಗೆ ಬಂದಳು.

"ಅಕ್ಕ, ನಿಮಗೂ ಇರಲಿ ಅಂತ ತಂದೆ."

"ನಂಗ್ಯಾಕೆ? ಮಾರ್ಕೆಟ್ಟಲ್ಲಿ ಸಿಗಲ್ವಾ ಟೊಮೆಟೊ?"

"ಮನೇದು ರುಚಿ ಬೇರೆ ಅಕ್ಕ. ಮಾವನಿಗೂ ತರಕಾರಿ ಜಾಸ್ತಿ ಕೊಡಿ ಅಂದಿದಾರಲ್ಲ ಡಾಕ್ಟ್ರು."

ಮಾವನ ಹೆಸರು ಬಂದಿದ್ದೇ ತಡ, ದೊಡ್ಡವಳು ಟ್ರೇ ಇಸಕೊಂಡಳು. ಯಾವಾಗ ನೆಡಬೇಕು ಎಂದು ಕೇಳಲಿಲ್ಲ. ಕೇಳಿದರೆ ಅವಳಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ! ಅದರ ಬದಲು ಕಿಟಕಿಯಲ್ಲಿ ಕೂತು ಕಾದಳು. ಒಂದು ಮಧ್ಯಾಹ್ನ ಚಿಕ್ಕವಳು ಗುದ್ದಲಿ ಹಿಡಿದು ಹಿತ್ತಿಲಿಗೆ ಇಳಿದದ್ದು ಕಂಡಿತು. ಹೊಲಿಯುತ್ತಿದ್ದ ಕುಪ್ಪಸದ ಒಂದು ತೋಳನ್ನು ಹಾಗೇ ಬಿಟ್ಟು, ದೊಡ್ಡವಳೂ ಹಿತ್ತಿಲಿಗೆ ಓಡಿದಳು. ಅವಳಿಗಿಂತ ಮೊದಲೇ ನೆಟ್ಟು ಮುಗಿಸಿದಳು. ಅವತ್ತು ಸಂಜೆ ಅವಳ ನಡಿಗೆಯೇ ಬೇರೆ ಇತ್ತು.

ಆ ವಾರ ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲ ಮೇಲೆ ಯಾರೋ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಇಬ್ಬನಿ ಎಲೆಯ ಮೇಲೆ ಕೂತಲ್ಲೇ ಗಟ್ಟಿಯಾದರೆ ಹಾಗೆ ಕಾಣುತ್ತದೆ. ಬೀದಿಯವರು ಅದನ್ನು ಉಪ್ಪುಮಂಜು ಎನ್ನುತ್ತಿದ್ದರು. ಬಿಸಿಲು ಬಿದ್ದ ಮೇಲೆ ಬಿಳಿ ಕರಗಿತು. ಸಸಿಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದವು. ದೊಡ್ಡವಳು ತಲೆಯೆತ್ತಿ ಮೇಲೆ ನೋಡಿದಳು. ಅಲ್ಲಿ ಒಂದೊಂದು ಸಸಿಯೂ ಕತ್ತು ನೆಟ್ಟಗೆ ಮಾಡಿಕೊಂಡು ನಿಂತಿತ್ತು.

"ನೋಡಿದ್ರಾ? ಅವಳ ಗಿಡಕ್ಕೆ ಏನೂ ಆಗಿಲ್ಲ."

"ಹೂಂ," ಎಂದ ಗಂಡ.

"ಹೂಂ ಅಂದ್ರೆ?"

"ಏನೂ ಆಗಿಲ್ಲ ಅಂತ."

ಸ್ವಲ್ಪ ದಿನ ಬಿಟ್ಟು ಚಿಕ್ಕವಳು ಬೀನ್ಸ್ ಬೀಜ ಊರಿದಳು. ದೊಡ್ಡವಳೂ ಅದೇ ದಿನ ಬೀನ್ಸ್ ಊರಿದಳು. ಮೇಲಿನವು ಮೊಳೆತು ಎಲೆ ಬಿಚ್ಚಿದವು. ಕೆಳಗಿನವು ಮೊಳೆತು, ಎಲೆ ಬಿಚ್ಚಿ, ಮತ್ತೊಂದು ಉಪ್ಪುಮಂಜಿಗೆ ಸಿಕ್ಕಿ ಹೋದವು. ಚಿಕ್ಕವಳು ಬೆಳಿಗ್ಗೆ ಬಸ್ಸಿಗೆ ಹೋಗುವ ದಾರಿ ದೊಡ್ಡವಳ ಹಿತ್ತಿಲ ಕೆಳಗಿನ ಗೇಟಿನ ಮುಂದೇ ಹಾಯುತ್ತಿತ್ತು. ಅದು ಬರೀ ಸರಳಿನ ಗೇಟು. ಚಿಕ್ಕವಳು ಒಳಗೆ ನೋಡಿ, "ಅಯ್ಯೋ, ಮತ್ತೆ ಹೋಯ್ತಾ ಅಕ್ಕ?" ಎಂದಳು. ಅವಳು ಮರುಗಿಯೇ ಅಂದದ್ದು. ಆದರೆ ಹೊಟ್ಟೆ ಉರಿಯುತ್ತಿರುವವರಿಗೆ ಮರುಕದಷ್ಟು ಖಾರ ಬೇರೊಂದಿಲ್ಲ.

"ಈ ಗೇಟಿಗೆ ಹಲಗೆ ಹೊಡೀರಿ," ಎಂದಳು ದೊಡ್ಡವಳು ಗಂಡನಿಗೆ. "ನೆಲದಿಂದ ತಲೆಯೆತ್ತರದ ತನಕ. ಸಂದಿ ಬಿಡಬೇಡಿ."

"ಯಾಕೆ?"

"ಗಾಳಿ ಬರುತ್ತೆ."

ಬಡಗಿ ಹಲಗೆ ಹೊಡೆದ. ಸಂದಿ ಬಿಡಲಿಲ್ಲ. ಕೆಲಸದಲ್ಲಿ ಅವನು ಅಚ್ಚುಕಟ್ಟು.

ಬೇಸಿಗೆ ಬಂತು. ದೊಡ್ಡವಳು ಮಾರ್ಕೆಟ್ಟಿನಿಂದ ಸಸಿ ತಂದು ತಡವಾಗಿ ಮೂರನೇ ಸಲ ನೆಟ್ಟಳು. ಅವು ಇನ್ನೂ ಮೊಣಕಾಲೆತ್ತರ ಆಗುವಷ್ಟರಲ್ಲಿ ಮೇಲ್ಮನೆಯಲ್ಲಿ ಹಣ್ಣು ಕೆಂಪಾಗಿತ್ತು. ಒಂದು ಮಧ್ಯಾಹ್ನ ಮಾವ ಊಟಕ್ಕೆ ಬರಲಿಲ್ಲ. ಹುಷಾರಿಲ್ಲವೇನೋ ಎಂದು ದೊಡ್ಡವಳು ಗಾಬರಿಯಾಗಿ ಕಿಟಕಿಗೆ ಬಂದರೆ, ಅವರು ಮೇಲಿನ ಹಿತ್ತಿಲಲ್ಲಿ ಗಿಡದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಟೊಮೆಟೊ ಹೆಚ್ಚಿ ಉಪ್ಪು ಉದುರಿಸಿಕೊಂಡು ತಿನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ಬೇರೆ.

ಮರುದಿನವೂ ಬರಲಿಲ್ಲ. ಆಮೇಲೆ ಅದೇ ರೂಢಿಯಾಯಿತು, ರಾತ್ರಿ ಊಟವೂ ಮೇಲೆಯೇ.

"ಏನು ಮಾವ, ನಮ್ಮನೆ ಊಟ ಸಪ್ಪೆಯಾಯ್ತಾ?" ದೊಡ್ಡವಳು ನಗುತ್ತಲೇ ಕೇಳಿದಳು. ಆ ನಗುವನ್ನು ಹೊಲಿಗೆ ಹಾಕಿ ಮುಖಕ್ಕೆ ಕೂರಿಸಿದ ಹಾಗಿತ್ತು.

"ಇಲ್ಲಮ್ಮ. ಆಯಸ್ಸು ಪೂರ್ತಿ ಹಸಿರು ತೋರಿಸಿ ಗಾಡಿ ಬಿಟ್ಟೋನು ನಾನು. ಈಗ ಮೇಲ್ಗಡೆ ಹಸಿರು ಕಾಣ್ತಾ ಇದೆ, ಅದಕ್ಕೆ ಆ ಕಡೆ ಹೊರಟೆ."

ಅವರಿಗೆ ಅದು ತಮಾಷೆ. ದೊಡ್ಡವಳು ಅಂದು ರಾತ್ರಿ ಊಟಕ್ಕೆ ಅಭ್ಯಾಸಬಲದಿಂದ ಅವರ ತಟ್ಟೆ ತೆಗೆದು ಮೇಜಿಗಿಟ್ಟಳು. ಮತ್ತೆ ಎತ್ತಿ ಒಳಗಿಟ್ಟಳು. ಗಂಡ ನೋಡಿಯೂ ನೋಡದವನಂತೆ ಉಂಡ.

ಅವಳ ತಡವಾದ ಟೊಮೆಟೊ ಗಿಡಗಳು ಕೊನೆಗೂ ಕಾಯಿ ಬಿಟ್ಟವು. ಹಸಿರು ಕಾಯಿ, ದಪ್ಪ ಕಾಯಿ. ಇನ್ನೇನು ಬಣ್ಣ ತಿರುಗಬೇಕು. ಮೊದಲ ಹಣ್ಣು ಮಾವನ ತಟ್ಟೆಗೆ ಎಂದು ಮನಸ್ಸಿನಲ್ಲೇ ಹೇಳಿಟ್ಟಿದ್ದಳು. ಅಷ್ಟರಲ್ಲಿ ಚಳಿಗಾಲ ಎದುರಿನಿಂದ ಬಂತು. ಒಂದೇ ಬೆಳಿಗ್ಗೆ, ಗಿಡ, ಕಾಯಿ, ಎಲ್ಲ ಕೊಳೆತ ಹಾಗೆ ಮೆತ್ತಗಾದವು. ಮೇಲೆ ಚಿಕ್ಕವಳು ಇನ್ನೂ ಬುಟ್ಟಿ ಹಿಡಿದು ಕೀಳುತ್ತಿದ್ದಳು.

ದೊಡ್ಡವಳು ಚಪ್ಪಲಿ ಮೆಟ್ಟಿಕೊಂಡು ಇಳಿಜಾರು ಹತ್ತಿದಳು.

"ಏನು ಹಾಕ್ತೀಯೆ ನೀನು ಗಿಡಕ್ಕೆ? ಹೇಳು."

"ಏನೂ ಇಲ್ಲ ಅಕ್ಕ. ಗೊಬ್ಬರ, ನೀರು..."

"ಸುಳ್ಳು. ನಂಗೆ ಕೊಟ್ಟಿದ್ದೇ ಸಾಯೋ ಸಸಿ. ಗಟ್ಟಿ ಇರೋದೆಲ್ಲ ನೀನಿಟ್ಕೊಂಡು, ರೋಗಿಷ್ಟದ್ನೆಲ್ಲ ನಂಗೆ ದಾಟಿಸಿದೆ."

"ಒಂದೇ ಬೀಜ ಅಕ್ಕ! ಮೂರನೇ ಸಲದ್ದು ನೀವೇ ತಂದಿದ್ದಲ್ವಾ? ಅದನ್ನೂ ನಾನೇ ಕೊಂದ್ನಾ?"

"ನಿನ್ನ ಕಣ್ಣು ಬಿತ್ತು."

"ಹೇಗೆ ಬೀಳುತ್ತೆ? ಹಲಗೆ ಹೊಡೆಸಿಟ್ಟಿದೀರಲ್ಲ!"

ಮಾವ ಕುರ್ಚಿಯಲ್ಲಿ ಕೆಮ್ಮಿದರು. ಅವರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಿದ್ದ ನರ್ಸಮ್ಮ, "ಒಂಚೂರು ಸುಮ್ನಿರ್ತೀರಾ? ನಿಮ್ಮಿಬ್ಬರ ಜಗಳಕ್ಕೆ ಇವರ ಬಿಪಿ ಏರ್ತಾ ಇದೆ," ಎಂದಳು.

ನರ್ಸಮ್ಮ ಆರೋಗ್ಯ ಕೇಂದ್ರದವಳು. ಮನೆ ಮನೆಗೆ ಹೋಗಿ ಔಷಧಿ ವಿಚಾರಿಸುವುದು ಕೆಲಸ. ಹಾಗೇ ಮನೆಯಲ್ಲಿ ತರಕಾರಿ ಬೆಳೆಯಿರಿ ಎಂದು ಹೇಳುತ್ತಾ ತಿರುಗುವುದು ಹವ್ಯಾಸ. ಪಟ್ಟಿ ಬಿಚ್ಚಿ ಬ್ಯಾಗಿಗೆ ಹಾಕಿ ಕೇಳಿದಳು, "ದೊಡ್ಡಮ್ಮೋರೇ, ನೀವು ಯಾವತ್ತು ನೆಡಬೇಕು ಅಂತ ಹೇಗೆ ಗೊತ್ತು ಮಾಡ್ಕೊಂಡ್ರಿ?"

ಮಾವ ಹೇಳಿದರು: "ಕಿಟಕಿಯಲ್ಲಿ ಕೂತು, ಇವಳನ್ನ ನೋಡ್ಕೊಂಡು."

"ಅದೇ ತಪ್ಪು. ನಾಚಿಕೆ ಬೇಡ, ನಾನೂ ಮಾಡಿದೀನಿ. ಬೀಜದ ಪೊಟ್ಟಣದ ಮೇಲಿನ ತಿಂಗಳು ನಂಬಿ ಬದನೆ ಹಾಕಿ ಅಷ್ಟೂ ಕಳ್ಕೊಂಡೆ. ಪೊಟ್ಟಣ ಅಚ್ಚು ಹಾಕಿದೋರು ನಮ್ಮ ಹಿತ್ತಿಲು ನೋಡಿದಾರಾ? ನೀವು ಪೊಟ್ಟಣದ ಬದಲು ವಾರಗಿತ್ತೀನ ನಂಬಿದ್ರಿ, ಅಷ್ಟೇ ವ್ಯತ್ಯಾಸ."

"ನಂಬಿದ್ದಲ್ಲ," ಎಂದಳು ದೊಡ್ಡವಳು ಸಿಡುಕಿ. ಅದು ನಿಜವೇ.

"ಸರಿ, ನೋಡಿದ್ರಿ. ಆದ್ರೆ ಒಂದೇ ಬೀದೀಲೂ ಚಳಿ ಒಂದೇ ಅಲ್ಲ."

"ಹಾಗಂದ್ರೆ ಅವಳ ಮನೇಗೆ ಬೇರೆ ಆಕಾಶ ಇದ್ಯಾ?"

"ನನ್ನ ಮಾತು ಬೇಡ. ಒಂದೊಂದು ತಟ್ಟೇಲಿ ನೀರಿಟ್ಟು ನೋಡಿ. ಇವತ್ತು ಮೋಡ ಇಲ್ಲ, ಗಾಳಿ ಇಲ್ಲ. ಬೆಳಿಗ್ಗೆ ನಾನೂ ಬರ್ತೀನಿ."

ದೊಡ್ಡವಳು ಒಪ್ಪಿದಳು, ಆದರೆ ಕರಾರು ಹಾಕಿದಳು. ತಟ್ಟೆ ಎರಡೂ ತನ್ನ ಮನೆಯದೇ ಆಗಬೇಕು. ನೀರು ತಾನೇ ತುಂಬಬೇಕು. ಮೇಲಿನ ತಟ್ಟೆಗೆ ರಾತ್ರಿ ಯಾರೂ ಬಿಸಿನೀರು ಸುರಿಯದ ಹಾಗೆ ಮಾವ ಕಾವಲಿರಬೇಕು. "ನಂಗೆ ನಿದ್ದೆ ಬೇಡ್ವೇನಮ್ಮ?" ಎಂದರು ಮಾವ. ಕೊನೆಗೆ ಚಿಕ್ಕವಳೇ ತನ್ನ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ದೊಡ್ಡವಳ ಕೈಗಿಟ್ಟಳು.

ಬೆಳಕು ಹರಿಯುತ್ತಲೇ ದೊಡ್ಡವಳು ಮೊದಲು ಮೇಲೆ ಹೋಗಿ ಬೀಗ ತೆಗೆದಳು. ತಟ್ಟೆಯಲ್ಲಿ ನೀರು ನೀರಾಗಿಯೇ ಇತ್ತು. ಬೆರಳದ್ದಿ ನೋಡಿದಳು. ತಣ್ಣಗಿತ್ತು, ಅಷ್ಟೇ. ಅಲ್ಲಿಂದ ಇಳಿಯತೊಡಗಿದಳು. ಹಿಂದೆ ಚಿಕ್ಕವಳು, ಮಾವ. ಅರ್ಧ ದಾರಿಯಲ್ಲಿ ಪಾದಗಳಿಗೆ ಚಳಿ ತಾಗಿತು. ಇನ್ನಷ್ಟು ಇಳಿದರೆ ಮೀನಖಂಡಕ್ಕೆ, ಆಮೇಲೆ ಮೊಣಕಾಲಿಗೆ. ಹೊಳೆಗೆ ಇಳಿದ ಹಾಗೆಯೇ ಇತ್ತು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದಳು, ಗಮನಿಸಿರಲಿಲ್ಲ. ಕಣ್ಣು ಯಾವಾಗಲೂ ಮೇಲ್ಮನೆಯ ಕಡೆಯೇ ಇರುತ್ತಿತ್ತಲ್ಲ.

ಕೆಳಗಿನ ತಟ್ಟೆಯಲ್ಲಿ ನೀರು ಕಟ್ಟಿತ್ತು. ಬಡಗಿ ಅಂಚಿಗೆ ಬೆರಳು ಹಾಕಿ ಎತ್ತಿದ. ಮಂಜುಗಡ್ಡೆಯ ಬಿಲ್ಲೆ ಕಿಟಕಿ ಗಾಜಿನ ಹಾಗೆ ಇಡಿಯಾಗಿ ಮೇಲೆದ್ದಿತು.

ನರ್ಸಮ್ಮ ಅಷ್ಟರಲ್ಲಿ ಗೇಟಿನ ಬಳಿ ನಿಂತಿದ್ದಳು. ಹಿತ್ತಿಲ ತುಂಬ ತೆಳ್ಳನೆ ಬಿಳಿ ಮಂಜು ನಿಂತಿತ್ತು, ತೊಟ್ಟಿಯಲ್ಲಿ ನೀರು ನಿಂತ ಹಾಗೆ. ಹಲಗೆಗೆ ಬಂದು ತಾಗಿ, ಅಲ್ಲೇ ಮಡುಗಟ್ಟಿತ್ತು.

"ನೋಡಿ. ತಣ್ಣನೆ ಗಾಳಿ ಭಾರ. ರಾತ್ರಿ ಇಳಿಜಾರಲ್ಲಿ ನೀರಿನ ಹಾಗೇ ಕೆಳಕ್ಕೆ ಹರಿಯುತ್ತೆ. ನಿಮ್ಮದು ತಗ್ಗು, ಅದರಿಂದ ಮೊದಲೇ ಚಳಿ ಜಾಸ್ತಿ. ಅವರದು ದಿಬ್ಬ, ಮೇಲಾಗಿ ಗಿಡದ ಹಿಂದೆ ಕಲ್ಲುಗೋಡೆ ಇದೆ, ಹಗಲಿನ ಬಿಸಿಲು ಕುಡಿದಿಟ್ಕೊಂಡು ರಾತ್ರಿ ಕೊಡುತ್ತೆ. ವಸಂತದಲ್ಲಿ ಅವರಲ್ಲಿ ಕೊನೇ ಉಪ್ಪುಮಂಜು ಮುಗಿದ ಮೇಲೂ ನಿಮಗೆ ಎರಡು ಮೂರು ವಾರ ಬೀಳುತ್ತೆ. ಚಳಿಗಾಲಕ್ಕೆ ಮುಂಚೆ ಅವರಿಗಿಂತ ಬೇಗ ಶುರುವಾಗುತ್ತೆ. ಆದ್ರೂ ಇಷ್ಟೊಂದು ಚಳಿ ಯಾಕೆ ಅಂದ್ಕೊಂಡೆ. ಚಳಿ ಹೊರಗೆ ಹೋಗೋ ದಾರಿಗೇ ಅಡ್ಡ ಕಟ್ಟಿದೀರಿ! ಈ ಹಲಗೆ ಯಾಕೆ ಹೊಡೆಸಿದ್ದು?"

ಎಲ್ಲರೂ ಬಡಗಿಯ ಕಡೆ ನೋಡಿದರು. "ಗಾಳಿಗೆ ಅಂತ ಅಂದ್ಳು," ಎಂದ ಅವನು.

"ಯಾವ ಗಾಳಿಗೆ?"

"ಬೆಳಿಗ್ಗೆ ಬಸ್ಸಿಗೆ ಹೋಗೋ ಗಾಳಿಗೆ," ಎಂದರು ಮಾವ.

ಚಿಕ್ಕವಳು ಸೆರಗು ಬಾಯಿಗೆ ಒತ್ತಿಕೊಂಡಳು. ನರ್ಸಮ್ಮನಿಗೂ ನಗು ತಡೆಯಲಿಲ್ಲ. "ಹೊಟ್ಟೆಕಿಚ್ಚಿಗೆ ಗಿಡ ಬೆಚ್ಚಗಾಗೋ ಹಾಗಿದ್ರೆ ನಿಮ್ಮ ಹಿತ್ತಿಲಲ್ಲೇ ಮೊದಲ ಹಣ್ಣು ಬರಬೇಕಿತ್ತು ದೊಡ್ಡಮ್ಮೋರೇ. ಹಲಗೆ ತೆಗೆಸಿ."

ದೊಡ್ಡವಳ ಮುಖ ಕೆಂಪಗಾಯಿತು. ಹಲಗೆ ತೆಗೆದರೆ ಚಳಿ ಹೊರಗೆ ಹೋಗುತ್ತದೆ, ನಿಜ. ಆದರೆ ವಾರಗಿತ್ತಿಯ ಕಣ್ಣು ಒಳಗೆ ಬರುತ್ತದೆ. ಅವಳು ಗೇಟನ್ನು ನೋಡಿದಳು, ಸತ್ತ ಗಿಡಗಳನ್ನು ನೋಡಿದಳು, ಕಡೆಗೆ ಮಾವನನ್ನು ನೋಡಿದಳು.

"ಚಳಿ ನೆಲದ ಮೇಲೇ ಹರಿಯೋದು ಅಂದ್ರಲ್ಲ?"

"ಹೌದು."

"ಹಾಗಾದ್ರೆ ಕೆಳಗಿನ ಹಲಗೆ ಮಾತ್ರ ತೆಗೀರಿ. ಮೇಲಿನವು ಇರಲಿ."

ಬಡಗಿ ಮರುಮಾತಿಲ್ಲದೆ ಸುತ್ತಿಗೆ ತಂದ. ಸೊಂಟದೆತ್ತರದ ತನಕ ಸರಳುಗಳು ಬಯಲಾದವು, ಅದರ ಮೇಲೆ ಹಲಗೆ ಉಳಿಯಿತು. ಕಾಲು ಕಾಣುವ, ಮುಖ ಕಾಣದ ಗೇಟು.

"ಈಗ ಟೊಮೆಟೊ ಬೇಗ ನೆಡಬಹುದಾ?" ದೊಡ್ಡವಳು ಕೇಳಿದಳು. ಜೀವನದಲ್ಲಿ ಮೊದಲ ಸಲ, ಎಲ್ಲರೆದುರು, ಚಿಕ್ಕವಳ ಮುಂದೆಯೇ, ಗೊತ್ತಿಲ್ಲದ್ದನ್ನು ಕೇಳಿದಳು.

"ಇಲ್ಲ. ತಗ್ಗು ತಗ್ಗೇ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೀನ್ಸ್, ಸೌತೆ, ಕುಂಬಳ, ಇವೆಲ್ಲ ಚಳಿಗೆ ಹೆದರೋವು. ಕಡೇ ಉಪ್ಪುಮಂಜು ಬಿದ್ದು ಹೋಯ್ತು ಅಂತ ಗಟ್ಟಿಯಾದ ಮೇಲೇ ಹೊರಗೆ ನೆಡಿ. ಅಲ್ಲೀ ತನಕ ಕಿಟಕಿ ಹತ್ರ ಸಸಿ ಬೆಳೆಸಿ. ನೆಡೋಕೆ ಮುಂಚೆ ಒಂದು ವಾರ ದಿನಾ ಸ್ವಲ್ಪ ಹೊತ್ತು ಹೊರಗಿಟ್ಟು ಒಳಗೆ ತನ್ನಿ, ಅಭ್ಯಾಸ ಆಗುತ್ತೆ."

"ಅಲ್ಲೀವರೆಗೆ ನನ್ನ ಹಿತ್ತಿಲು ಖಾಲಿ ಬಿದ್ದಿರಬೇಕಾ?"

"ಯಾರಂದ್ರು? ಬಟಾಣಿ, ಪಾಲಕ್, ಮೂಲಂಗಿ, ಕೋಸು, ಕ್ಯಾರೆಟ್ಟು ಚಳಿಗೆ ಜಗ್ಗಲ್ಲ. ಸಣ್ಣಪುಟ್ಟ ಉಪ್ಪುಮಂಜು ಬಿದ್ರೆ ಕೋಸು, ಕ್ಯಾರೆಟ್ಟಿಗೆ ಸಿಹಿ ಬೇರೆ ಬರುತ್ತೆ. ತಂಪಿನ ಜಾಗ ಅವಕ್ಕೆ ತವರುಮನೆ ಇದ್ದ ಹಾಗೆ. ನಿಮ್ಮ ಹಿತ್ತಿಲು ಕೆಟ್ಟದ್ದಲ್ಲ. ನೀವು ಅದರ ಹತ್ರ ಅವರ ಹಿತ್ತಿಲಿನ ಕೆಲಸ ಮಾಡಿಸ್ತಾ ಇದ್ರಿ."

ಆ ಚಳಿಗಾಲ ದೊಡ್ಡವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಉಪ್ಪುಮಂಜು ಬಿದ್ದ ಪ್ರತಿ ಬೆಳಿಗ್ಗೆ ಒಂದು ಚುಕ್ಕೆ ಇಟ್ಟಳು. ಹೊಲಿದು ಉಳಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ಗಿಡಗಳಿಗೆ ದೊಡ್ಡ ಹೊದಿಕೆಗಳನ್ನು ಹೊಲಿದಳು. ಸಂಜೆ ನೆಲದ ಬಿಸಿ ಆರುವ ಮೊದಲೇ, ಗೂಟ ನೆಟ್ಟು, ಅಂಚು ನೆಲ ಮುಟ್ಟುವ ಹಾಗೆ ಹೊದಿಸಬೇಕು. ಬೆಳಿಗ್ಗೆ ಬಿಸಿಲು ಬಂದಾಗ ತೆಗೆಯಬೇಕು. ಬರೀ ಪ್ಲಾಸ್ಟಿಕ್ಕಾದರೆ ಎಲೆಗೆ ತಾಗಿದ ಕಡೆಯೆಲ್ಲ ಸುಡುತ್ತದೆ, ಬಟ್ಟೆ ವಾಸಿ. ಮೇಲ್ಮನೆಯಲ್ಲಿ ಇಂಥ ಹೊದಿಕೆ ಇರಲಿಲ್ಲ. ಚಿಕ್ಕವಳು ಒಂದು ಸಲ, "ಬಣ್ಣ ಚೆನ್ನಾಗಿದೆ ಅಕ್ಕ," ಎಂದದ್ದಕ್ಕೆ ದೊಡ್ಡವಳಿಗೆ ಒಂದು ವಾರ ಊಟ ರುಚಿಸಿತು.

ಚಳಿ ಇನ್ನೂ ಇರುವಾಗಲೇ, ಮಣ್ಣು ಕೈಗೆ ಉದುರಾಗಿ ಬಂದ ಕೂಡಲೇ, ಅವಳು ಬಟಾಣಿ, ಪಾಲಕ್ ಬಿತ್ತಿದಳು. ಮೇಲಿನ ಹಿತ್ತಿಲ ಕಡೆ ನೋಡಲಿಲ್ಲ ಎಂದರೆ ಸುಳ್ಳು. ನೋಡಿದಳು, ಆದರೆ ಬಿತ್ತಿದ ಮೇಲೆ. ವಸಂತ ಬಲಿಯುವ ಹೊತ್ತಿಗೆ ಬಟಾಣಿ ಬಳ್ಳಿ ಎದೆಯೆತ್ತರ ಬಂದು ಕಾಯಿ ಕಚ್ಚಿತು. ಮೇಲ್ಮನೆಯ ಪಾಲಕ್ ಕಲ್ಲುಗೋಡೆಯ ಬಿಸಿಗೆ ಬೇಗ ಹೂ ಎತ್ತಿ ಕಹಿಯಾಯಿತು. ಟೊಮೆಟೊಗೆ ಇನ್ನೂ ಹೂವೂ ಇರಲಿಲ್ಲ. ಅಲ್ಲಿ ಹಸಿರಿತ್ತು, ತಿನ್ನುವ ಹಸಿರಿರಲಿಲ್ಲ.

ಒಂದು ಮಧ್ಯಾಹ್ನ ಮಾವ ಕೆಳಗಿಳಿದು ಬಂದರು. ಬಟಾಣಿ ಕಾಯಿ ಒಂದನ್ನು ಬಳ್ಳಿಯಿಂದಲೇ ಕಿತ್ತು, ಬಿಡಿಸಿ ಬಾಯಿಗೆ ಹಾಕಿಕೊಂಡರು. ಇನ್ನೊಂದು ಕಿತ್ತರು.

"ಊಟಕ್ಕೆ ಮುಂಚೇನೇ ಹೊಟ್ಟೆ ತುಂಬಿಸ್ಕೋತೀರಲ್ಲ ಮಾವ," ಎಂದಳು ದೊಡ್ಡವಳು. ಗದರುತ್ತಲೇ ಇನ್ನೊಂದು ಕಾಯಿ ಕಿತ್ತು ಅವರ ಕೈಗಿಟ್ಟಳು.

"ಊಟಕ್ಕೂ ಇಲ್ಲೇ ಕಣಮ್ಮ. ಅವಳಿಗೆ ಹೇಳೇ ಬಂದೆ. ಟೊಮೆಟೊ ಹಣ್ಣಾಗೋ ತನಕ ಇಲ್ಲಿ, ಆಮೇಲೆ ಅಲ್ಲಿ, ಕೋಸು ಬಂದಾಗ ಮತ್ತೆ ಇಲ್ಲಿ. ಏನಂತೀಯ?"

ದೊಡ್ಡವಳು ಯೋಚಿಸಿದಳು. ಪೂರ್ತಿ ಗೆಲುವಲ್ಲ. ಆದರೆ ವರ್ಷಕ್ಕೊಂದು ಸಲ ಮೇಲ್ಮನೆಯಿಂದ ಮಾವ ಎದ್ದು ಬರುವುದನ್ನು ಕಿಟಕಿಯಿಂದ ನೋಡಬಹುದು. "ಆಯ್ತು," ಎಂದಳು.

ಮರುದಿನ ಬೆಳಿಗ್ಗೆ ಪಾಲಕ್ ಕೊಯ್ಯುತ್ತಿದ್ದಾಗ ಗೇಟಿನಾಚೆ ಎರಡು ಕಾಲು ನಿಂತವು. ಚಪ್ಪಲಿಯ ಪಟ್ಟಿ ಸರಿಮಾಡುವವರ ಹಾಗೆ ಯಾರೋ ಬಗ್ಗಿದರು. ಹಲಗೆಯ ಕೆಳಗೆ ಚಿಕ್ಕವಳ ಮುಖ ಕಾಣಿಸಿತು. ಬಟಾಣಿ ಬಳ್ಳಿಯನ್ನು ಬುಡದಿಂದ ತುದಿಯವರೆಗೂ ನುಂಗುವ ಹಾಗೆ ನೋಡುತ್ತಿತ್ತು.

"ಅಕ್ಕ... ಇದು ಹೇಗೆ ಇಷ್ಟು ಬಂತು? ಏನು ಹಾಕ್ತೀರಾ ಇದಕ್ಕೆ?"

"ಏನೂ ಇಲ್ಲ ಕಣೆ," ಎಂದಳು ದೊಡ್ಡವಳು, ತುಂಬಾ ಮೆಲ್ಲಗೆ, ತುಂಬಾ ಸುಖವಾಗಿ. "ಗೊಬ್ಬರ, ನೀರು." ಆಮೇಲೆ ಒಂದು ಕಟ್ಟು ಪಾಲಕ್ ಸರಳಿನ ಸಂದಿಯಿಂದ ಆಚೆ ತಳ್ಳಿದಳು. "ತಗೊ, ನಿಂದು ಹೂ ಬಿಟ್ಟು ಕಹಿಯಾಗಿದೆಯಂತಲ್ಲ. ನಿನ್ನ ಗೋಡೆ ಹತ್ರ ಬಿಸಿ ಜಾಸ್ತಿ. ಮುಂದಿನ ಸಲ ಸೊಪ್ಪಿಗೆ ನೆರಳಿರೋ ಮೂಲೆ ಹುಡುಕು."

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮಗೂ ಒಬ್ಬ ಮೇಲ್ಮನೆಯವಳು ಇದ್ದೇ ಇರುತ್ತಾಳೆ. ಅವಳ ಗಿಡ ನೋಡಿ ಹೊಟ್ಟೆ ಉರಿದರೆ ಉರಿಯಲಿ, ಅದಕ್ಕೆ ನಾವು ಅಡ್ಡಬರುವುದಿಲ್ಲ. ಆದರೆ ಅವಳ ದಿನ ನೋಡಿ ನೀವು ಬೀಜ ಹಾಕಬೇಡಿ. ನಿಮ್ಮ ಹಿತ್ತಿಲು ತಗ್ಗೋ ದಿಬ್ಬವೋ, ಬೆಳಗಿನ ಬಿಸಿಲು ಎಲ್ಲಿ ಮೊದಲು ಬೀಳುತ್ತದೆ, ಕಡೆಯ ಉಪ್ಪುಮಂಜು ಯಾವಾಗ ಬೀಳುತ್ತದೆ, ಮುಂದಿನ ಚಳಿಯ ಮೊದಲನೆಯದು ಯಾವಾಗ ಬರುತ್ತದೆ, ಇದನ್ನು ಒಂದು ವರ್ಷ ನೀವೇ ನೋಡಿ ಗುರುತು ಹಾಕಿಕೊಳ್ಳಿ. ಚಳಿಗೆ ಹೆದರುವುದನ್ನು ಆ ಎರಡರ ನಡುವೆ ಬೆಳೆಯಿರಿ. ಚಳಿಯನ್ನು ಮೆಚ್ಚುವುದನ್ನು ಅದರ ಆಚೆ ಈಚೆ ಬೆಳೆಯಿರಿ. ಹಿತ್ತಿಲಿಲ್ಲವೇ? ಮೆಟ್ಟಿಲ ಮೇಲಿನ ಒಂದು ಡಬ್ಬಿ ಮಣ್ಣಿಗೂ ತನ್ನದೇ ಹವಾಮಾನ ಇರುತ್ತದೆ. ತೆಳ್ಳನೆ ನೀರಿನ ಒಂದು ತಟ್ಟೆ ಇವತ್ತು ಸಂಜೆ ಹೊರಗಿಡಿ. ನಾಳೆ ಬೆಳಿಗ್ಗೆ, ಪಕ್ಕದ ಮನೆಯ ಕಡೆ ನೋಡುವ ಮೊದಲು, ಅದನ್ನು ಹೋಗಿ ನೋಡಿ.